ರೋಗಿಯ ಹೆಸರು

ಮನೆಯಲ್ಲಿ ಒಬ್ಬರು ನರ್ಸಿಂಗ್ ಕಲಿಯತೊಡಗಿದರೆ ಉಳಿದವರು ಆರೋಗ್ಯವಾಗಿರುವುದು ಬಹಳ ಕಷ್ಟ. ಇದು ನನ್ನ ಸ್ವಂತ ಅನುಭವ. ಮಗಳು ಪೂರ್ಣಿಮಾಳ ಮದುವೆ ಮುಗಿದು ಮನೆ ಖಾಲಿ ಖಾಲಿ ಅನಿಸುತ್ತಿದ್ದ ದಿನಗಳಲ್ಲಿ, ಅಥಣಿಯ ಸಮುದಾಯ ಕಾಲೇಜಿನಲ್ಲಿ ವಯಸ್ಸಾದವರಿಗೂ ಕೋರ್ಸುಗಳಿವೆ ಎಂಬ ಸುದ್ದಿ ನಮ್ಮ ಐಗಳಿ ಊರಿಗೆ ಬಂತು. ನರ್ಸಿಂಗ್ ಅಂತೆ, ಸಂಜ್ಞಾ ಭಾಷೆಯಂತೆ, ಸಮಾಜಶಾಸ್ತ್ರವಂತೆ. ನಮ್ಮ ಮನೆಯಾಕಿ ಮರುದಿನವೇ ಹೋಗಿ ನರ್ಸಿಂಗಿಗೆ ಹೆಸರು ಹಚ್ಚಿ ಬಂದಳು. "ನೀವೂ ಬರ್ರಿ, ಸಮಾಜಶಾಸ್ತ್ರ ತೊಗೋರಿ. ಕಟ್ಟಿ ಮ್ಯಾಲ ಕುಂತು ಮಂದಿ ವಿಚಾರ ಮಾತಾಡೂದು ನಿಮಗ ಮೊದಲ ರೂಢಿ ಐತಿ" ಎಂದು ನನ್ನನ್ನೂ ಕರೆದಳು. ದ್ರಾಕ್ಷಿ ತೋಟದ ನೆಪ ಹೇಳಿ ಪಾರಾದೆ. ವಿದ್ಯಾರ್ಥಿಯಾಗುವುದು ತಪ್ಪಿತು, ರೋಗಿಯಾಗುವುದು ತಪ್ಪಲಿಲ್ಲ.

ತರಗತಿಯಲ್ಲಿ ಹಗಲು ಕಲಿತದ್ದನ್ನು ಆಕೆ ಸಂಜೆ ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. ನನ್ನ ಹಳೆಯ ಧೋತರಗಳೆಲ್ಲ ಪಟ್ಟಿ ಪಟ್ಟಿಯಾಗಿ ಹರಿದು ನನ್ನ ಮೈಮೇಲೆಯೇ ಮರಳಿ ಬಂದವು. ಒಮ್ಮೆ ತಲೆಗೆ ಪಟ್ಟಿ ಸುತ್ತಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಹಾಲಿನವನು ನೋಡಿದ, ಏನೂ ಕೇಳದೆ ಹೋದ. ಸುದ್ದಿ ಅವನ ಜೊತೆಗೇ ಹೋಗಿರಬೇಕು, ಸ್ವಲ್ಪ ಹೊತ್ತಿನಲ್ಲಿ ಪಕ್ಕದೂರು ಅನಂತಪುರದ ಬೀಗರು ಗಾಬರಿಯಾಗಿ ಬಂದಿಳಿದರು, ಕೈಯಲ್ಲಿ ದ್ರಾಕ್ಷಿಯ ಬುಟ್ಟಿ. ದ್ರಾಕ್ಷಿ ಬೆಳೆಯುವವನಿಗೆ ದ್ರಾಕ್ಷಿ! "ಏನೂ ಆಗಿಲ್ರಿ, ಇಕಿ ಅಭ್ಯಾಸ ಮಾಡಾಕತ್ತಾಳ" ಎಂದರೆ ಅವರಿಗೆ ನಂಬಿಕೆಯಿಲ್ಲ. ಪೆಟ್ಟು ಬಿದ್ದದ್ದು ತಲೆಯ ಒಳಗೇ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ನಾನು ಇದನ್ನೆಲ್ಲ ಸಹಿಸಿಕೊಂಡದ್ದಕ್ಕೆ ಕಾರಣವಿತ್ತು. ಆಕೆ ರಾಯಬಾಗ ಕಡೆಯ ಅಲಖನೂರಿನವಳು. ಚಿಕ್ಕವಳಿದ್ದಾಗ ಅವರೂರಿಗೆ ಬಿಳಿ ಸೀರೆಯ ನರ್ಸಬಾಯಿ ಒಬ್ಬರು ಛತ್ರಿ ಹಿಡಿದು ಬರುತ್ತಿದ್ದರಂತೆ. ಅವರ ಚೀಲ ಹೊರಲು ಹುಡುಗಿಯರಲ್ಲಿ ಜಗಳ, ಗೆಲ್ಲುವವಳು ಯಾವಾಗಲೂ ಇವಳು. ತಾನೂ ನರ್ಸ್ ಆಗಬೇಕೆಂದು ಹನ್ನೆರಡನೇ ಇಯತ್ತೆ ಮುಗಿಸಿ ಕೂತಿದ್ದಾಗ ನನ್ನ ಸಂಬಂಧ ಬಂತು. ದ್ರಾಕ್ಷಿ ತೋಟದ ವರ ಸಿಕ್ಕಾಗ ನರ್ಸಿಂಗ್ ಯಾತಕ್ಕೆ ಎಂದರು ಮಾವನವರು. ಆಕೆ ಇದನ್ನು ನಗುತ್ತಲೇ ಹೇಳುತ್ತಾಳೆ. ಆದರೆ ಪುಸ್ತಕ ಹಿಡಿದು ಅಡುಗೆಮನೆಯಲ್ಲಿ ಗುನುಗುತ್ತಿದ್ದ ಆಕೆಯನ್ನು ನೋಡಿದಾಗ ನನಗೆ ನಗು ಬರುತ್ತಿರಲಿಲ್ಲ. ಈ ಪರೀಕ್ಷೆ ಆಕೆ ಪಾಸಾಗಲೇಬೇಕೆಂದು ನನಗೂ ಹಠ ಬಂದುಬಿಟ್ಟಿತು.

ಪ್ರಾಯೋಗಿಕ ಪರೀಕ್ಷೆಗೆ ಪ್ರತಿಯೊಬ್ಬರೂ ರೋಗಿಯಾಗಿ ಮಲಗಲು ಒಬ್ಬರನ್ನು ಕರೆತರಬೇಕಿತ್ತು. ಪಕ್ಕದ ಮನೆಯ ಶಾಂತವ್ವ ಒಪ್ಪಿದ್ದಳು. ಆದರೆ ಅದೇ ಬೆಳಿಗ್ಗೆ ಮಗಳು ಹಡೆದಳೆಂದು ಮಿರಜಿಗೆ ಹೋಗಿಬಿಟ್ಟಳು. ಉಳಿದವನು ನಾನೇ. "ನಡಿ, ನಾನ ಬರತೀನಿ" ಎಂದೆ. ಮನೆಯಾಕಿ ಬಾಗಿಲಿಗೆ ಅಡ್ಡ ಬಂದಳು. "ನೀವ್ ಬ್ಯಾಡ್ರಿ. ರೋಗಿ ಹೆಸರ ಕೇಳಿ, ತಿರುಗಿ ಬಾಯಿಲೆ ಹೇಳಿ, ಆಮ್ಯಾಲ ಮುಟ್ಟಬೇಕು. ಹೇಳಲಿಲ್ಲಂದ್ರ ಅಲ್ಲೇ ಫೇಲ್ ಮಾಡತಾರ!"

ಒಬ್ಬರ ಸೂಜಿ ಇನ್ನೊಬ್ಬರಿಗೆ ಚುಚ್ಚಬಾರದೆಂದು ಮಾಡಿದ ನಿಯಮ. ಆದರೆ ಅದನ್ನು ಮಾಡಿದವರಿಗೆ ನಮ್ಮ ಕಡೆಯ ಸಂಸಾರ ಗೊತ್ತಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆಯಿಂದ ಕಲಿತವಳು ಆಕೆ. ನಾನು ತೋಟದ ಆ ತುದಿಗಿದ್ದರೆ ಬಳೆ ಸದ್ದು ಮಾಡುತ್ತಾಳೆ, ತೀರಾ ಅವಸರವಿದ್ದರೆ "ಪೂರ್ಣಿಮಾನ ಅಪ್ಪಾ" ಎನ್ನುತ್ತಾಳೆ. ದಾರಿಯುದ್ದಕ್ಕೂ ಗಾಡಿಯ ಮೇಲೆ ಅಭ್ಯಾಸ ಮಾಡಿಸಿದೆ. ನನ್ನ ಹೆಸರಿನ "ಅಪ್" ಎಂಬಲ್ಲಿಗೆ ಬಂದು ಪ್ರತಿಸಲವೂ ಕೆಮ್ಮು.

ಪರೀಕ್ಷಕಿ ಸಾಂಗಲಿ ಕಡೆಯ ಹಿರಿಯ ನರ್ಸಬಾಯಿ. ನಾನು ಮಂಚದ ಮೇಲೆ ಮಲಗಿದೆ. "ನಿಮ್ಮ ಹೆಸರೇನ್ರಿ?" ಎಂದಳು ಮನೆಯಾಕಿ, ನನ್ನನ್ನು ಜನ್ಮದಲ್ಲೇ ನೋಡದವಳಂತೆ. "ಅಪ್ಪಾಸಾಹೇಬ" ಎಂದೆ, ಕಿವುಡರಿಗೆ ಹೇಳುವಂತೆ. ಪರೀಕ್ಷಕಿ ಬಾಯಿ ಕಾಯುತ್ತಿದ್ದಾರೆ. ಮನೆಯಾಕಿ ಬಿಪಿ ಪಟ್ಟಿ ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ. "ಹೇಳಬೇಕವಾ, ಇಲ್ಲಾ ಮಾರ್ಕ್ಸ್ ಕೊಡಾಕ ಬರಂಗಿಲ್ಲ" ಎಂದರು ಬಾಯಿ. ಹೋಯಿತು, ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಆಗ ಕೇಳಿಸಿತು:

"ದ್ರಾಕ್ಷಿ ಬಳ್ಳಿಗಿ ಕಟ್ಟೇನಿ ತಂತಿ,
ಅಪ್ಪಾಸಾಹೇಬ್ರ ಬಿಪಿ ನೋಡತೀನಿ, ಯಾಕ ಬೇಕ ಚಿಂತಿ?"

ಒಡಪು! ಪ್ರಾಸ ಕಟ್ಟಿದ ಒಡಪಿನಲ್ಲಿ ಗಂಡನ ಹೆಸರು ಹೇಳಲು ಯಾವ ಹೆಣ್ಣುಮಗಳಿಗೂ ಅಡ್ಡಿಯಿಲ್ಲ. ತರಗತಿಯೆಲ್ಲ ಚಪ್ಪಾಳೆ. "ಛಾನ! ಅಗದೀ ಛಾನ!" ಎಂದು ಬಾಯಿ ನಕ್ಕು ಮಾರ್ಕ್ಸ್ ಹಾಕಿದರು. ನನಗೆ ಮಾತ್ರ ಮದುವೆಯ ಸಂಜೆ ಕಣ್ಣಿಗೆ ಕಟ್ಟಿತು. ನಮ್ಮ ತಂಗಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಿದ್ದರು. ತಲೆತಗ್ಗಿಸಿ ನಿಂತಿದ್ದ ಹುಡುಗಿ "ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ, ಅಪ್ಪಾಸಾಹೇಬ್ರ ಹೆಸರ ಹೇಳೇನಿ, ಬಾಗಿಲ ಬಿಡ್ರಿ ಸಾಕ" ಎಂದಿದ್ದಳು. ನನ್ನ ಹೆಸರು ಅಷ್ಟು ಚೆಂದವಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಆ ದನಿಯನ್ನು ಇಷ್ಟು ವರ್ಷ ಎಷ್ಟು ಬಯಸಿದ್ದೆನೆಂದು ಪರೀಕ್ಷೆಯ ಮಂಚದ ಮೇಲೆ ತಿಳಿಯಿತು. ಕಣ್ಣು ತೇವವಾಯಿತು, ಬಿಪಿಯೂ ಸ್ವಲ್ಪ ಏರಿತ್ತು.

ಅಷ್ಟಕ್ಕೇ ಪರೀಕ್ಷಕಿ ಬಿಡಬೇಕಲ್ಲ. "ಈಗ ನಿಮ್ಮದೊಂದು ಆಗಲಿ, ಸಾಹೇಬ್ರ. ನಿಮ್ಮ ನರ್ಸಬಾಯಿ ಹೆಸರ ಹೇಳ್ರಿ" ಎಂದರು.

ನಾನು ಠೀವಿಯಿಂದ ಬಾಯಿ ತೆರೆದೆ. "ಪೂರ್ಣಿಮಾನ ಅವ್ವ" ಎಂದು ಬಂತು. ಎಲ್ಲರೂ ನಕ್ಕರು. ಇನ್ನೊಮ್ಮೆ ತೆರೆದೆ, ಏನೂ ಬರಲಿಲ್ಲ. ನನ್ನ ಆಯುಷ್ಯವೂ ಕಡಿಮೆಯಾಗುವಂತಿರಲಿಲ್ಲ, ಆಕೆಯದೂ ಅಲ್ಲ. ಯಾವ ಅತ್ತೆಯೂ ನನಗೆ ಬೇಡವೆಂದಿರಲಿಲ್ಲ. ಆದರೂ "ಏ", "ಇಲ್ಲಿ ನೋಡ", "ಎಲ್ಲಿ ಅದೀ" ಇಷ್ಟರಲ್ಲೇ ಸಂಸಾರ ಸಾಗಿಸಿಬಿಟ್ಟಿದ್ದೆ. ಮನೆಯಾಕಿಯೇ ಕನಿಕರಪಟ್ಟು ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟಳು.

ತಿರುಗಿ ಬರುವಾಗ ದಾರಿ ಖಾಲಿಯಿತ್ತು, ಎರಡೂ ಕಡೆ ಕಬ್ಬು. ಇಲ್ಲಿ ನಾಚಿಕೆಯೇನು ಎಂದುಕೊಂಡು, ಮುಂದೆ ನೋಡುತ್ತಲೇ ಗಾಳಿಗೆ ಎದುರಾಗಿ ಜೋರಾಗಿ ಕರೆದೆ, "ಶಶಿಕಲಾ!"

ಹೆಗಲ ಮೇಲಿದ್ದ ಕೈ ತಟ್ಟನೆ ಸರಿಯಿತು. ಹಿಂದಿನಿಂದ ಬಿಗಿಯಾದ ದನಿ ಬಂತು: "ಯಾರ್ರಿ ಅಕಿ?"

ಗಾಡಿ ನಿಲ್ಲಿಸಿ, ಇಳಿದು, ಅದು ಆಕೆಯದೇ ಹೆಸರೆಂದು ತಿಳಿಸಿ ಹೇಳಬೇಕಾಯಿತು.