ಎರಡು ಹಗ್ಗದ ಬಕೀಟನ್ನು ಹಿಂದಕ್ಕೆ ಕೊಡಿಸುವ ಬಗ್ಗೆ

ಜಿನನಾಥಪುರ
11-3-1961

ಇಂದ:
ಚಕ್ರೇಶ್ವರಿ, ಪಾತ್ರೆ ಅಂಗಡಿ ಶಾಂತಿಕುಮಾರನ ಹೆಂಡತಿ,
ಜಿನನಾಥಪುರ, ಚನ್ನರಾಯಪಟ್ಟಣ ತಾಲ್ಲೂಕು.

ಗೆ:
ಅಧ್ಯಕ್ಷರು, ನೂತನ ಉಪಕರಣಗಳ ಪರಿಶೀಲನಾ ಸಮಿತಿ, ಹಾಸನ.

ವಿಷಯ: ಪರಿಶೀಲನೆಗೆಂದು ಹೋದ ಬಕೀಟು ಮನೆಗೆ ಬಾರದಿರುವುದು.

ಉಲ್ಲೇಖ: ತಮ್ಮ ತಿರಸ್ಕಾರ ಪತ್ರ. ತಾರೀಖಿನ ಮೇಲೆಯೇ ಮೊಹರು ಬಿದ್ದಿರುವುದರಿಂದ ತಾರೀಖು ತಮಗೇ ಗೊತ್ತು.

ಸದಾ ಕಾರ್ಯನಿರತರಾದ ಮಾನ್ಯರೇ,

1. ಅರ್ಜಿದಾರಳ ಮನೆಯಲ್ಲಿ, ಜೈನರ ವಾಡಿಕೆಯಂತೆ, ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ಬಾವಿಗೇ ಮರಳಿ ಬಿಡಲಾಗುತ್ತದೆ. ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾಗುವ ಕಾರಣ ಬಕೀಟನ್ನು ನೀರಿನವರೆಗೆ ಇಳಿಸಿ ಬಗ್ಗಿಸಬೇಕು. ಅತ್ತೆ ಅನಂತಮತಿಯವರ ಬೆರಳುಗಳು ಸೆಟೆದು ಇದು ಆಗದಾಯಿತು. ಆದ್ದರಿಂದ ಅರ್ಜಿದಾರಳು ಬಕೀಟಿನ ತಳಕ್ಕೊಂದು ಕಬ್ಬಿಣದ ಬಳೆ ಹಾಕಿಸಿ ಎರಡನೆಯ ಹಗ್ಗ ಕಟ್ಟಿದಳು. ಅದನ್ನು ಮೊಣಕೈಗೆ ಸುತ್ತಿ ಎಳೆದರೆ ಬಕೀಟು ಮೆಲ್ಲಗೆ ಮಗುಚುತ್ತದೆ. ಅತ್ತೆಯವರು ಯಾರ ಹಂಗೂ ಇಲ್ಲದೆ ಹೊಟ್ಟೆತುಂಬ ನೀರು ಕುಡಿದರು.

2. ಪೇಟೆಂಟಿನ ಆಸೆಗೆ ಬಿದ್ದು ಅರ್ಜಿದಾರಳು 1958ರಲ್ಲಿ ಬಕೀಟನ್ನೂ ಒಂದು ಕೊಡ ಊರ ಬಾವಿಯ ನೀರನ್ನೂ ಹಾಸನಕ್ಕೆ ಒಯ್ದು, ತಾವು ಬಾರದ ಕಾರಣ ತಮ್ಮ ಕುರ್ಚಿಗೆ ತೋರಿಸಿದಳು. ಊರಿನ ಜೀವಗಳನ್ನು ಹಾಸನದ ಬಾವಿಗೆ ಬಿಡುವಂತಿಲ್ಲವಾಗಿ ಬಸ್ಸಿನಲ್ಲಿ ವಾಪಸು ತಂದಳು. ಜೀವಗಳು ಊರು ಸೇರಿದವು, ಬಕೀಟು ತಮ್ಮಲ್ಲೇ ಉಳಿಯಿತು.

3. ಅನಂತರ ಫಲಾನುಭವಿಗಳ, ಎಂದರೆ ಸದರಿ ಜೀವಗಳ, ಸಹಿ ಕೇಳಲಾಯಿತು. ಗುಮಾಸ್ತ ಹೊನ್ನಯ್ಯನವರ ಮಾತು ಹೀಗಿತ್ತು: "ಸಯಿ ಇಲ್ದೆ ಫೈಲು ಮುಂದುಕ್ಕೋಗಲ್ಲ ಕಣಮ್ಮ. ಕಣ್ಗೇ ಕಾಣ್ದಿರೋ ಉಳಾನ ಇದೆ ಅಂತ ಎಂಗ್ ನಂಬೋದು?"

ಅರ್ಜಿದಾರಳು, "ನಿಮ್ಮ ಅಧ್ಯಕ್ಷರೂ ಇದುವರೆಗೆ ಕಣ್ಣಿಗೆ ಕಂಡಿಲ್ಲ ಕಣಪ್ಪ. ಇದ್ದಾರೆ ಅಂತ ನಂಬ್ಕೊಂಡೇ ಅಲ್ವಾ ನಾನು ಬರ್ತಿರೋದು?" ಎಂದಳು. ಫೈಲು ಅಂದೇ ಕಪಾಟು ಸೇರಿತು.

4. ತೀರ್ಮಾನವಾಗುವ ತನಕ ಇನ್ನೊಂದನ್ನು ಮಾಡಿದರೆ ನಕಲಿನ ಅಪರಾಧವೆಂದು ತಮ್ಮ ರಸೀದಿಯಲ್ಲಿದೆ. ಕಾರಣ, ಅತ್ತೆಯವರು ಮೂರು ವರ್ಷದಿಂದ ದಿನಕ್ಕೆ ಎರಡೇ ಲೋಟ ನೀರು ಕುಡಿಯುತ್ತಾರೆ. "ನಿನಗ್ಯಾಕವ್ವ ಇನ್ನೊಂದ್ಸಲ ಬಾವಿ ಹತ್ರ ತಿರುಗಾಟ, ನಂಗೆ ಬಾಯಾರಿಕೆನೇ ಇಲ್ಲ" ಎನ್ನುತ್ತಾರೆ. ಈ ವಾಕ್ಯಕ್ಕೆ ಕಚೇರಿ ಭಾಷೆ ಸಿಗಲಿಲ್ಲ, ಮನ್ನಿಸಬೇಕು.

5. ಈ ಮಧ್ಯೆ ಸದರಿ ಬಕೀಟು ತಮ್ಮ ಕಚೇರಿಯ ಬಾವಿಯಲ್ಲಿ ಕಾಫಿಗೆ, ಹೂಕುಂಡಕ್ಕೆ, ಜೀಪು ತೊಳೆಯುವುದಕ್ಕೆ ದುಡಿಯಿತು. ಈಗ ತಾವು, "ಇಂಥದೊಂದು ಬಕೀಟು ನಮ್ಮ ಕಚೇರಿಯಲ್ಲೇ ಮೂರು ವರ್ಷದಿಂದ ಬಳಕೆಯಲ್ಲಿದೆ, ಆದ್ದರಿಂದ ಇದು ಹೊಸ ಶೋಧವಲ್ಲ" ಎಂದು ತೀರ್ಪಿತ್ತಿದ್ದೀರಿ. ಜೊತೆಗೆ, ಅದು ಕಚೇರಿಯ ದಾಸ್ತಾನಿಗೆ ಸೇರಿರುವ ಕಾರಣ, ಅಂಥದನ್ನು ತಯಾರಿಸಬೇಕಿದ್ದರೆ ಅರ್ಜಿದಾರಳು ಲೈಸೆನ್ಸ್ ಪಡೆಯಬೇಕೆಂದೂ ದಯೆ ತೋರಿದ್ದೀರಿ.

ಆದ್ದರಿಂದ ಪೇಟೆಂಟ್ ತಮಗೇ ಇರಲಿ, ಲೈಸೆನ್ಸೂ ತಮಗೇ ಇರಲಿ. ಹಳೆಯ ಬಕೀಟೆಂದಾದರೂ ಬಗೆದು ಅದನ್ನು ಅತ್ತೆಯವರಿಗೆ ಕೊಡಿಸಬೇಕಾಗಿ ಪ್ರಾರ್ಥನೆ.

ಇಷ್ಟಾದರೂ ತಮ್ಮಲ್ಲಿ ವಿಶ್ವಾಸ ಉಳಿಸಿಕೊಂಡಿರುವ,
ಚಕ್ರೇಶ್ವರಿ

ಬಿಕ್ಕಲಂ: ದ್ಯಾವಯ್ಯ, ಅರ್ಜಿ ಬರೆಯುವವರು

ಲಗತ್ತು: (1) ರಸೀದಿ. (2) ಎರಡನೆಯ ಹಗ್ಗ. ಅನಗತ್ಯವೆಂದು ತಮ್ಮವರು ಬಿಚ್ಚಿ ಎಸೆದದ್ದು, ಕಚೇರಿಯ ಬಾವಿಕಟ್ಟೆಯ ಬಳಿ ಸಿಕ್ಕಿತು.

ವಿ.ಸೂ.: ಬಕೀಟನ್ನು ಕಳಿಸುವ ಮುಂಚೆ ಅದರ ತಳದಲ್ಲಿ ಉಳಿದ ನೀರನ್ನು, ಲಗತ್ತು (2)ಅನ್ನು ಕಟ್ಟಿ, ಮೆಲ್ಲಗೆ ತಮ್ಮ ಬಾವಿಗೇ ಬಿಡತಕ್ಕದ್ದು. ಅದರಲ್ಲಿರುವ ಜೀವಗಳು ಹಾಸನದವು. ಊರಿಗೆ ಹಿಂತಿರುಗಲು ಅವು ತಮಗೆ ಅರ್ಜಿ ಹಾಕಿಕೊಳ್ಳುವಂತಾಗಬಾರದು.