ಕಾಕಾರ ಎದೆ ಮತ್ತು ಕರೆಂಟಿನ ಸೂಟಿ

ನಮ್ಮ ಕಾಕಾರ ಎದೆ ವಾರದಲ್ಲಿ ಒಂದೇ ದಿನ ಕೆಡುತ್ತಿತ್ತು. ಉಳಿದ ದಿನ ಕೆಡುವುದಕ್ಕೆ ಅದಕ್ಕೆ ಪುರುಸೊತ್ತೇ ಇರಲಿಲ್ಲ!

ನಗಬೇಡಿ. ಇದು ಕಾಕಾ ಸ್ವತಃ ಡಾಕ್ಟರರ ಮುಂದೆ ಎದೆ ಮುಟ್ಟಿಕೊಂಡು ಹೇಳಿದ ಮಾತು. ಪಕ್ಕದಲ್ಲಿ ನಿಂತಿದ್ದ ನಾನು ಹೌದು ಹೌದು ಎಂದು ತಲೆ ಆಡಿಸಿದ್ದೆ. ಆಡಿಸದೆ ಏನು ಮಾಡಲಿ? ಅವರ ಜೊತೆ ಸೈಕಲ್ ಹೊಡೆಯುವವನು ನಾನು. ಅವರ ಎದೆ ಕೆಟ್ಟಾಗಲೆಲ್ಲ ಹತ್ತಿರ ಇದ್ದವನೂ ನಾನೇ.

ಕಾಕಾ ಎಂದರೆ ನಮ್ಮ ತಂದೆಯ ಚಿಕ್ಕಪ್ಪನ ಮಗ. ಇಚಲಕರಂಜಿಯಲ್ಲಿ ಅವರದೊಂದು ಪವರ್‌ಲೂಮ್ ಶೆಡ್ಡು. ಎಪ್ಪತ್ತರ ದಶಕದ ಆ ಊರಿನಲ್ಲಿ ಮಗ್ಗಗಳ ಖಟಕ್ ಖಟಕ್ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಗಂಡ ಹೆಂಡತಿ ಪ್ರೀತಿಯ ಮಾತನ್ನೂ ಒದರಿಯೇ ಆಡಬೇಕಿತ್ತು; ಜಗಳವಾಡಿದರೆ ಪಕ್ಕದ ಮನೆಗೆ ಕೇಳುತ್ತಲೂ ಇರಲಿಲ್ಲ. ವಾರಕ್ಕೊಮ್ಮೆ ಮಾತ್ರ ಕರೆಂಟಿನ ಸೂಟಿ. ಅಂದು ಮಗ್ಗ ಬಂದ್, ನಾನು ಕೆಲಸ ಮಾಡುತ್ತಿದ್ದ ನೂಲಿನ ಅಂಗಡಿ ಬಂದ್, ಊರಿಗೆ ಊರೇ ಬಂದ್. ಬೆಳಗಾಗುತ್ತಲೇ ಕಾಕಾ ಧೋತರದ ಕಚ್ಚೆ ಬಿಗಿದು, ತಲೆಗೆ ಟೊಪಿಗೆ ಏರಿಸಿ, ನಮ್ಮ ಮನೆಯ ಮುಂದೆ ಸೈಕಲ್ಲಿನ ಬೆಲ್ ಬಾರಿಸುತ್ತಿದ್ದರು.

ಕಾಕಾ ಎಸ್.ಟಿ. ಬಸ್ಸು ಹತ್ತಿದವರಲ್ಲ. "ಡ್ರೈವರಗ ನಿದ್ದಿ ಹತ್ತಿದ್ರ ನಾ ಯಾಕ ಸಾಯಬೇಕು? ನನ್ನ ಸೈಕಲ್ ಮ್ಯಾಲ ನನಗ ನಿದ್ದಿ ಹತ್ತಿದ್ರ ನಾ ಒಬ್ಬಾಂವ ಬೀಳ್ತೀನಿ" ಎನ್ನುವುದು ಅವರ ವಾದ. ಚಪ್ಪಲಿಯ ಉಂಗುಟ ಕಿತ್ತುಹೋದರೆ ಹೊಲಿಸುವುದಕ್ಕೂ ಕೊಲ್ಹಾಪುರಕ್ಕೆ ಸೈಕಲ್ಲೇ! ಗಡಹಿಂಗ್ಲಜಕ್ಕೆ ಕೊಟ್ಟ ಮಗಳನ್ನು ನೋಡಲೂ ಸೈಕಲ್ಲೇ. ಓಣಿಯ ತುದಿಯಲ್ಲಿ ಅಪ್ಪನ ಬೆಲ್ ಕೇಳಿದರೆ ಸಾಕು, ಒಲೆಯ ಮೇಲಿನ ರೊಟ್ಟಿ ಬಿಟ್ಟು ಮಗಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಆ ರೊಟ್ಟಿ ಸೀದುಹೋಗುತ್ತಿತ್ತು, ಅದನ್ನೇ ಕಾಕಾ ಚಪ್ಪರಿಸಿಕೊಂಡು ತಿನ್ನುತ್ತಿದ್ದರು.

ಇನ್ನೊಂದು ತಾಪತ್ರಯ. ನಮ್ಮದು ಜೈನರ ಮನೆತನ, ಹೊತ್ತು ಮುಳುಗುವುದರೊಳಗೆ ಊಟವಾಗಬೇಕು. ಹೀಗಾಗಿ ಹೋಗುವಾಗ ಮದುಮಗನ ಹಾಗೆ ಸಾವಕಾಶ ಹೋಗುವ ಕಾಕಾ ತಿರುಗಿ ಬರುವಾಗ ಸೂರ್ಯನ ಸಂಗಡ ಪಂದ್ಯ ಕಟ್ಟುತ್ತಿದ್ದರು. ಹಿಂದಿನಿಂದ ಏದುಸಿರು ಬಿಡುತ್ತಾ ನಾನು. ಸೂರ್ಯ ಸೋಲುತ್ತಿದ್ದ, ನಾನೂ ಸೋಲುತ್ತಿದ್ದೆ.

ಅಂಥ ಒಂದು ಪಂದ್ಯದಲ್ಲಿ, ಕೊರೋಚಿಯ ಹತ್ತಿರ, ಕಾಕಾ ಥಟ್ಟನೆ ಸೈಕಲ್ಲಿನಿಂದ ಇಳಿದರು.

"ಏ ತಮ್ಮಾ, ಒಳಗಿನ ಮಗ್ಗ ತಪ್ಪಾಕತ್ತೇತಿ."

"ಯಾವ ಮಗ್ಗರೀ ಕಾಕಾ?"

"ಇದ ಮಾರಾಯಾ!" ಎಂದು ನನ್ನ ಕೈ ಎಳೆದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. "ಚಂದಂಗ ಖಟಕ್ ಖಟಕ್ ಅಂತೇತಿ, ನಡುವ ಸುಮ್ಮ ಆಗ್ತೇತಿ, ಆಮ್ಯಾಲ ಮೂರ್ನಾಲ್ಕು ಒಮ್ಮೆಲೆ ಬಡೀತೇತಿ."

ನಿಜ, ಏನೋ ಗದ್ದಲ ನಡೆದಿತ್ತು. ಆದರೆ ಸೂರ್ಯನ ಹಿಂದೆ ಓಡಿ ಬಂದ ನನ್ನ ಎದೆಯೂ ಬಡಿಯುತ್ತಿತ್ತಲ್ಲ! ಕೈಗೆ ಹತ್ತಿದ್ದು ಅವರದೋ ನನ್ನದೋ? ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಒಬ್ಬ ಹಿರಿಯರು ನಿಂತು, "ಗ್ಯಾಸ್ ಆಗೇತ್ರಿ, ಅಜವಾನ ತಿನ್ರಿ" ಎಂದರು. ಕಬ್ಬಿನ ಗಾಡಿಯ ಮೇಲಿದ್ದ ಹೆಣ್ಣುಮಗಳು, "ದೃಷ್ಟ ಲಾಗ್ಲಿ ಹೋ!" ಎಂದು ಮರಾಠಿಯಲ್ಲಿ ಮರುಗಿದಳು. ಕಾಕಾ ಇಬ್ಬರಿಗೂ ಹೌದ್ರಿ ಎಂದರು. ಮನೆಗೆ ಬಂದು ಅಜವಾನ ತಿಂದರು, ಹೆಂಡತಿಯ, ಅಂದರೆ ನಮ್ಮ ಕಾಕುವಿನ ಕೈಯಲ್ಲಿ ದೃಷ್ಟಿ ತೆಗೆಸಿಕೊಂಡರು. ಮರುದಿನ ಕರೆಂಟು ಬಂತು, ಮಗ್ಗ ಚಾಲೂ ಆದವು, ಎದೆಯೂ ಸರಿಹೋಯಿತು! ಗುಣ ಮಾಡಿದ್ದು ಯಾವುದೋ ನನಗೆ ತಿಳಿಯಲಿಲ್ಲ.

ಕಾಕಾರಿಗೆ ತಿಳಿಯಿತು. ಮುಂದಿನ ಸೂಟಿಗೂ, ಅದರ ಮುಂದಿನ ಸೂಟಿಗೂ ಅದೇ ಕಥೆಯಾದಾಗ ಅವರೊಂದು ಸಿದ್ಧಾಂತ ಹೊರಡಿಸಿದರು.

"ಮಗ್ಗ ಚಾಲೂ ಇದ್ದಾಗ ಒಂದರೆ ದಿನ ತಪ್ಪೇತೇನು? ಇಲ್ಲ. ಇದು ಎದಿ ಬ್ಯಾನಿ ಅಲ್ಲೋ ತಮ್ಮಾ, ಸಪ್ಪಳ ಇಲ್ಲದ ಬ್ಯಾನಿ! ಹುಟ್ಟಿದಾಗಿಂದ ಮಗ್ಗದ ಸಪ್ಪಳಕ್ಕ ಹೆಜ್ಜಿ ಹಾಕಿದ ಎದಿ ಇದು. ಸಪ್ಪಳ ನಿಂತ್ರ ಪಾಪ ದಾರಿ ತಪ್ಪತೇತಿ."

"ಸೈಕಲ್ ತುಳೀತೀರಲ್ರಿ ಅವತ್ತು, ಅದಕ್ಕ ಇರಬೇಕು."

"ಸೈಕಲ್ಲಿಗೆ ಹೆಸರ ಇಡಬ್ಯಾಡ, ಅದರದೇನೂ ತಪ್ಪಿಲ್ಲ!"

ಯೋಚಿಸಿದರೆ ಅವರು ಹೇಳುವುದೂ ಖರೆ ಅನಿಸುತ್ತಿತ್ತು. ಅಂದಿನಿಂದ ಸೂಟಿಯ ದಿನ ನಮ್ಮ ಸವಾರಿ ಸದ್ದು ಹುಡುಕಿಕೊಂಡು ಹೊರಟಿತು. ಡೀಸೆಲ್ ಎಂಜಿನ್ನಿನ ಹಿಟ್ಟಿನ ಗಿರಣಿ ಕಂಡರೆ ಕಾಕಾ ಇಳಿದು ಕೂರುತ್ತಿದ್ದರು. ಬೀಸಿಸಲು ಏನೂ ತರದೆ ದಿನವಿಡೀ ಕೂರುವ ಇವರನ್ನು ನೋಡಿ ಗಿರಣಿಯವನಿಗೆ ಸಂಶಯ ಬಂತು. ಮದುವೆಯ ವಾಜಂತ್ರಿಯ ಹಿಂದೆ ಹೋಗಿ, ಗೊತ್ತಿಲ್ಲದ ಬೀಗರ ಪಂಕ್ತಿಯಲ್ಲಿ ಊಟಕ್ಕೂ ಕೂತೆವು. ಕಡೆಗೆ ಕಾಕು ಸಿಟ್ಟಿಗೆದ್ದಳು.

"ಸಪ್ಪಳಾನ ಬೇಕಿದ್ರ ಮನ್ಯಾಗ ಕುಂದರ್ರಿ, ನಾ ಮಾಡ್ತೀನಿ!"

ಅವಳೇ ಅವರನ್ನು ಊರ ಡಾಕ್ಟರರ ಹತ್ತಿರ ದಬ್ಬಿದಳು. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಮುಖ ಗಂಟು ಹಾಕಿ, "ಸಾಯಕಲ್ ಬಂದ್!" ಎಂದರು. ಕಾಕಾರ ಸಿದ್ಧಾಂತ ಕೇಳಿದ ಮೇಲೆ ಅವರ ಮುಖದ ಗಂಟು ಇನ್ನೂ ಬಿಗಿಯಿತು. ಮಣಿಕಟ್ಟಿನಲ್ಲಿ ನಾಡಿ ಹಿಡಿಯುವುದನ್ನು ನನಗೆ ಕಲಿಸಿ, ದಿನಾ ನೋಡಿ ಬಂದು ಹೇಳು ಎಂದರು. ನನಗೋ ಹೆಮ್ಮೆ! ಅಂಗಡಿಗೆ ಹೋಗುವ ಮುಂಚೆ ಕಾಕಾರ ಶೆಡ್ಡಿಗೆ ಹೋಗಿ, ಬೆಂಚಿನ ಮೇಲೆ ಅವರ ಕೈ ಇಟ್ಟುಕೊಂಡು, ಗಡಿಯಾರ ನೋಡುತ್ತಾ ನಾಡಿ ಹಿಡಿಯುತ್ತಿದ್ದೆ. ಖಟಕ್ ಖಟಕ್, ಒಂದೂ ತಪ್ಪಿಲ್ಲ! ದಿನಾ ಹೋಗಿ "ಫಸ್ಟ್‌ಕ್ಲಾಸ್ ಐತ್ರಿ ಸಾಹೇಬ್ರ" ಎಂದು ವರದಿ ಒಪ್ಪಿಸುತ್ತಿದ್ದೆ. ಡಾಕ್ಟರರೂ ಗೊಂದಲಕ್ಕೆ ಬಿದ್ದರು.

ಒಂದು ಬೆಳಿಗ್ಗೆ ಕಾಕು ಕರೆದಳೆಂದು ಕಾಕಾ ಎದ್ದು ಹೋದರು. ನಾನು ಗಡಿಯಾರದಿಂದ ಕಣ್ಣು ತೆಗೆದಿರಲಿಲ್ಲ. ಬೆರಳಿಗೆ ನಾಡಿ ಹತ್ತುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ನನಗೇ ವಿಚಿತ್ರ ಅನಿಸಿತು. ಕಾಕಾ ಅಲ್ಲಿ ನಿಂತಿದ್ದಾರೆ, ಇಲ್ಲಿ ಅವರ ನಾಡಿ ಹೇಗೆ ಬಡಿಯುತ್ತದೆ? ನೋಡಿದರೆ ನನ್ನ ಬೆರಳು ಬೆಂಚಿನ ಮೇಲಿತ್ತು!

ಎದ್ದು ಕಂಬ ಮುಟ್ಟಿದೆ. ಕಂಬಕ್ಕೂ ನಾಡಿ. ನೀರಿನ ಕೊಡ ಮುಟ್ಟಿದೆ. ಕೊಡಕ್ಕೂ ನಾಡಿ. ಮಗ್ಗಗಳ ಹೊಡೆತಕ್ಕೆ ಶೆಡ್ಡಿಗೆ ಶೆಡ್ಡೇ ನಡುಗುತ್ತಿತ್ತು, ನಾನು ಇಷ್ಟು ದಿನ ಡಾಕ್ಟರರಿಗೆ ಬೆಂಚಿನ ಆರೋಗ್ಯ ವರದಿ ಮಾಡುತ್ತಿದ್ದೆ! ಓಡಿಹೋಗಿ ಕಾಕಾರಿಗೆ ಹೇಳಿದರೆ ಅವರು ಒಪ್ಪಬೇಕಲ್ಲ?

"ಬೆಂಚಿಗೆ ನಾಡಿ ಐತಿ ಅಂದ್ರ ನನಗ ಇಲ್ಲ ಅಂತೇನು?"

ಇದಕ್ಕೆ ಏನು ಉತ್ತರ ಕೊಡುವುದು?

ಉತ್ತರ ಕೊಟ್ಟದ್ದು ಅವರ ಎದೆಯೇ. ಎರಡು ದಿನ ಬಿಟ್ಟು, ಮಗ್ಗಗಳೆಲ್ಲ ಭರದಿಂದ ಓಡುತ್ತಿದ್ದಾಗ, ಕಾಕಾ ಶೆಡ್ಡಿನ ಮೂಲೆಯಲ್ಲಿ ಬಿದ್ದರು. ಆ ಸದ್ದಿನಲ್ಲಿ ಬಿದ್ದದ್ದು ಯಾರಿಗೂ ಕೇಳಲಿಲ್ಲ. ಚಹಾ ತಂದ ಕಾಕು ನೆಲದ ಮೇಲೆ ಟೊಪಿಗೆ ಕಂಡು ಆಮೇಲೆ ಅವರನ್ನು ಕಂಡಳು. ನನಗೆ ಅಂಗಡಿಗೆ ಹೇಳಿಕಳಿಸಿದರು. ನಾನು ಹೋಗುವಷ್ಟರಲ್ಲಿ ಕಾಕಾ ಕಣ್ಣು ಬಿಟ್ಟಿದ್ದರು.

"ಮಗ್ಗ ಚಾಲೂ ಅದಾವೇನೋ ತಮ್ಮಾ?"

"ಅದಾವ್ರಿ ಕಾಕಾ."

"ಸಪ್ಪಳ ಇದ್ರೂ ಆತಲ್ಲೋ ಹಂಗಾರ" ಎಂದರು. ಅವರ ಮುಖದಲ್ಲಿ ಭಯ ಕಂಡದ್ದು ನಾನು ಅದೇ ಮೊದಲು.

ಅಂಥ ಹೊತ್ತಿನಲ್ಲೂ ಬಸ್ಸು ಬೇಡವಂತೆ! ಬಟ್ಟೆಯ ಗಂಟು ಹೇರಿದ್ದ ಟೆಂಪೋದಲ್ಲಿ, ಗಂಟುಗಳ ಮೇಲೆ ಮಲಗಿಸಿಕೊಂಡು ಕೊಲ್ಹಾಪುರದ ದವಾಖಾನೆಗೆ ಒಯ್ದೆವು. ಅಲ್ಲಿ ಎದೆಗೆ ವೈರು ಹಚ್ಚಿ ಕಾರ್ಡಿಯೋಗ್ರಾಮ್ ತೆಗೆದರು. ಉದ್ದನೆಯ ಕಾಗದದ ಪಟ್ಟಿ ಹೊರಗೆ ಬಂತು, ಗೆರೆ ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಇತ್ತು. ಕಾಕಾ ಅದನ್ನು ನೇಯ್ದ ಬಟ್ಟೆಯ ಹಾಗೆ ಬೆಳಕಿಗೆ ಹಿಡಿದು ನೋಡಿ, "ಇಂಥಾ ಅರಿವಿ ನಾ ಬಜಾರಕ್ಕ ಬಿಡೂದಿಲ್ಲರಿ" ಎಂದರು.

ದೊಡ್ಡ ಡಾಕ್ಟರು ಸಮಾಧಾನದಿಂದ ತಿಳಿಸಿ ಹೇಳಿದರು. ಎದೆಯ ತಾಳ ಸೂಟಿಯ ದಿನ ಮಾತ್ರ ತಪ್ಪುವುದಲ್ಲ, ವಾರವೆಲ್ಲ ಆಗಾಗ ತಪ್ಪುತ್ತಿತ್ತು. ಮಗ್ಗದ ಸದ್ದಿನಲ್ಲಿ ನಿಮಗೆ ಗೊತ್ತಾಗಿಲ್ಲ, ಅಷ್ಟೇ. ಕಾಕಾ ಬೆರಗಾಗಿ ನನ್ನ ಕಡೆ ನೋಡಿದರು.

"ಅಂದ್ರ ಶೆಡ್ಡಿನ್ಯಾಗ ನಾ ಸತ್ತಿದ್ರೂ ನನಗ ಗೊತ್ತಾಗ್ತಿರಲಿಲ್ಲನ್ನು!"

ಗಡಹಿಂಗ್ಲಜದಿಂದ ಮಗಳು ಓಡಿ ಬಂದಳು. ಅಪ್ಪನ ಕೈ ಹಿಡಿದುಕೊಂಡು ಅತ್ತಳು. "ಇನ್ನ ನೀ ಸೈಕಲ್ ಮ್ಯಾಲ ನಮ್ಮನಿಗೆ ಬರೂದಿಲ್ಲ, ಹೌದಿಲ್ಲಪ್ಪಾ?" ಎಂದಳು.

"ಬರ್ತೀನವ್ವಾ. ಬೆಲ್ ಕೇಳಿದ ಕೂಡ್ಲೆ ಬಾಗಿಲಿಗೆ ಬಾ."

ಆ ಒಂದು ಮಾತಿಗಾಗಿ ಕಾಕಾ ಹೊತ್ತುಹೊತ್ತಿಗೆ ಗುಳಿಗೆ ನುಂಗಿದರು, ಶೆಡ್ಡು ಅಳಿಯನ ತಮ್ಮನಿಗೆ ಒಪ್ಪಿಸಿದರು, ಕಾಕು ಹೇಳಿದ್ದಕ್ಕೆಲ್ಲ ಹೂಂ ಎಂದರು. ಇದೊಂದೇ ಸಾಕಿತ್ತು ಮನುಷ್ಯ ಪೂರ್ತಿ ಗುಣವಾಗಿಲ್ಲ ಎಂದು ನನಗೆ ಖಾತ್ರಿಯಾಗುವುದಕ್ಕೆ! ಎಷ್ಟೋ ತಿಂಗಳ ಮೇಲೆ ಡಾಕ್ಟರು ಸಡಿಲ ಬಿಟ್ಟರು. ಸಪಾಟು ರಸ್ತೆ, ನಿಧಾನ, ಜೊತೆಗೊಬ್ಬರು. ದಣಿವಾದರೆ ಆ ಕ್ಷಣಕ್ಕೆ ಇಳಿದು ನಿಲ್ಲಬೇಕು, ಜೋರಾಗಿ ಓಡಿಸಲೇಬಾರದು.

ಸಂಕೇಶ್ವರದವರೆಗೆ ಪರಿಚಯದ ಲಾರಿಯಲ್ಲಿ ನಾವಿಬ್ಬರು, ನಮ್ಮ ಸೈಕಲ್ಲುಗಳೆರಡು. ಅಲ್ಲಿಂದ ಗಡಹಿಂಗ್ಲಜಕ್ಕೆ ತುಳಿಯುವುದೆಂದು ಠರಾವಾಯಿತು. ಕಾಕಾ ಮುಂದೆ ಇರಲಿ, ನನ್ನ ಕಣ್ಣೆದುರಿಗೆ ಇರುತ್ತಾರೆ ಎಂದು ನನ್ನ ಲೆಕ್ಕ. ಅವರು ಕೇಳಲಿಲ್ಲ.

"ಮುಂದ ಬಿಟ್ರ ನಾ ಓಡಸ್ತೀನೋ. ನನ್ನ ಮ್ಯಾಲ ನನಗ ಭರೋಸಾ ಇಲ್ಲ. ನೀ ಮುಂದ ಹೋಗು, ನಾ ಹಿಂದಿಂದ ಬೆಲ್ ಹೊಡೀತಿರ್ತೀನಿ. ಬೆಲ್ ಆತಂದ್ರ ನಾ ಅದೀನಿ ಅಂತ ತಿಳಿ. ನೀನೂ ಒಂದ ಹೊಡಿ, ನೀ ಅದೀ ಅಂತ ನನಗೂ ಗೊತ್ತಾಗ್ಲಿ."

ಹೊರಟೆವು. ಹಿಂದೆ ಟ್ರಿಣ್ ಟ್ರಿಣ್, ಮುಂದೆ ಟ್ರಿಣ್. ಖಾಲಿ ರಸ್ತೆಯಲ್ಲಿ ಈ ಇಬ್ಬರು ಯಾರಿಗೆ ಬೆಲ್ ಹೊಡೆಯುತ್ತಾರೆಂದು ಹೊಲದಲ್ಲಿದ್ದವರು ಎದ್ದು ನೋಡಿದರು. ಎಮ್ಮೆಗಳು ಮರ್ಯಾದೆಯಿಂದ ಬದಿಗೆ ಸರಿದವು. ಒಂದು ಊರಿನಲ್ಲಿ ಹಾಲಿನವನೆಂದು ತಿಳಿದು ಅಜ್ಜಿಯೊಬ್ಬಳು ತಂಬಿಗೆ ಹಿಡಿದು ಬಂದು, ನಮ್ಮನ್ನು ಬೈದು ಒಳಗೆ ಹೋದಳು.

ಗಡಹಿಂಗ್ಲಜ ಇನ್ನೇನು ಬಂತು ಎನ್ನುವಾಗ ನನಗೆ ಥಟ್ಟನೆ ಎಚ್ಚರವಾಯಿತು. ಬೆಲ್ ಕೇಳಿ ಬಹಳ ಹೊತ್ತಾಗಿತ್ತು. ನನ್ನದನ್ನು ಹೊಡೆದೆ, ಉತ್ತರವಿಲ್ಲ. ಮತ್ತೆ ಹೊಡೆದೆ. ಎದುರುಗಾಳಿ ಬಿಟ್ಟರೆ ಏನೂ ಕೇಳಲಿಲ್ಲ. ಇಳಿದೆ, ತಿರುಗಿ ನೋಡಲು ಧೈರ್ಯವೇ ಬರಲಿಲ್ಲ. ದೇವರೇ, ಕಾಕುವಿಗೆ ಏನು ಹೇಳಲಿ, ಬಾಗಿಲಲ್ಲಿ ಕಾಯುವ ಆ ಮಗಳಿಗೆ ಏನು ಹೇಳಲಿ? ಕಡೆಗೂ ತಿರುಗಿದೆ. ತಿರುವಿನ ತನಕ ರಸ್ತೆ ಖಾಲಿ.

ಆ ತಿರುವಿನಿಂದ ಕಾಕಾ ಬಂದರು. ಧೋತರ ಹಾರುತ್ತಿತ್ತು, ಎದ್ದು ನಿಂತು ಪೆಡಲ್ ತುಳಿಯುತ್ತಿದ್ದರು, ಬಾಯಿ ಅಷ್ಟಗಲ ತೆರೆದು "ಟ್ರಿಣ್! ಟ್ರಿಣ್!" ಎಂದು ಒದರುತ್ತಿದ್ದರು.

"ಬೆಲ್ಲಿನ ಮುಚ್ಚಳ ಎಲ್ಲೋ ಉದರಿ ಬಿತ್ತೋ" ಎಂದರು ಇಳಿದು, ಉಸಿರು ಹಿಡಿಯುತ್ತಾ. "ಬಾಯಿಲೆ ಹೊಡಕೋತ ಬಂದೆ. ಗಾಳ್ಯಾಗ ನಿನಗ ಕೇಳವಲ್ದು."

ನನಗೆ ಸಿಟ್ಟೂ ಅಳುವೂ ಕೂಡಿಯೇ ಬಂದವು. "ನಿಂದರಬೇಕಿಲ್ರಿ! ಓಡಸಬ್ಯಾಡ್ರಿ ಅಂತ ಡಾಕ್ಟರ್ ಹೇಳಿಲ್ಲೇನು?"

"ನಿಂತಿದ್ರ ನೀ ತಿರುಗಿ ನೋಡ್ತಿದ್ದಿ, ನಾ ಕಾಣ್ತಿರಲಿಲ್ಲ. ನಿನ್ನ ಎದಿ ಒಡೀತಿತ್ತಲ್ಲೋ ಹುಚ್ಚಾ."

ಗಿಡದ ನೆರಳಿಗೆ ಕೂರಿಸಿ ಮಣಿಕಟ್ಟು ಹಿಡಿದೆ. ಇಲ್ಲಿ ಮಗ್ಗವಿರಲಿಲ್ಲ, ಬೆಂಚಿರಲಿಲ್ಲ. ಎಡವುತ್ತಿದ್ದ ನಾಡಿ ಅವರದೇ. ಅದು ಶಾಂತವಾಗುವವರೆಗೆ ಕೈ ಬಿಡಲಿಲ್ಲ. ಆಮೇಲೆ ನನ್ನ ಹ್ಯಾಂಡಲ್ಲಿನ ಬೆಲ್ ಬಿಚ್ಚಿ ಅವರ ಹ್ಯಾಂಡಲ್ಲಿಗೆ ತಿರುಪು ಹಾಕಿದೆ. ಕಾಕಾ ಅದನ್ನು ಒಮ್ಮೆ ಒತ್ತಿ ನೋಡಿದರು, ಮುಖ ಸಣ್ಣದಾಯಿತು.

"ನಿಂದ ನನಗ ಕೊಟ್ರ, ನೀ ಅದೀ ಅಂತ ನನಗ ಹೆಂಗ ಗೊತ್ತಾಗಬೇಕೋ?"

ಹೀಗಾಗಿ ಗಡಹಿಂಗ್ಲಜದ ಪೇಟೆಯೊಳಗೆ, ಎಲ್ಲರೂ ನೋಡುತ್ತಿರುವಾಗ, ಹೆಂಡತಿ ಮಕ್ಕಳಿರುವ ನಾನು "ಟ್ರಿಣ್! ಟ್ರಿಣ್!" ಎಂದು ಬಾಯಿಂದ ಒದರುತ್ತಾ ಹೋದೆ. ಹಿಂದಿನಿಂದ ಕಾಕಾರ ಬೆಲ್ ಒಂದೂ ತಪ್ಪದೆ ಕೇಳುತ್ತಿತ್ತು. ಓಣಿಯೊಳಗೆ ತಿರುಗಿದೆವು. ಮೂಗಿಗೆ ರೊಟ್ಟಿ ಸೀದ ವಾಸನೆ ಬಂತು.