ಬಾಯಿ ತೆಗೀರಿ ಅಂದ ಡಾಕ್ಟರು

ನಾಗಸಂದ್ರದ ಒಂದು ಅಡ್ಡರಸ್ತೆಯಲ್ಲಿ ಹದಿನೆಂಟು ವರ್ಷದಿಂದ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಕೆಳಗೆ ನಾನು, ಮೇಲಿನ ಮಹಡಿಯಲ್ಲಿ ಕಟ್ಟಡದ ಓನರಮ್ಮ. ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಬಿಟ್ಟರೆ ನನ್ನ ಬೆಂಚು ತುಂಬುತ್ತದೆ. ಇಷ್ಟು ವರ್ಷದಲ್ಲಿ ಪೇಷಂಟುಗಳು ನನ್ನ ಮುಂದೆ ಪೆದ್ದರಾದದ್ದು ಕಡಿಮೆ. ನಾನು ಅವರ ಮುಂದೆ ಪೆದ್ದನಾಗುವುದು ಮಾತ್ರ ವಾರಕ್ಕೆರಡು ಸಲವಾದರೂ ತಪ್ಪುವುದಿಲ್ಲ. ಅದರಲ್ಲೂ ಬಾಯಿಯ ವಿಷಯದಲ್ಲಿ ಆದಷ್ಟು ಬೇರೆ ಯಾವುದರಲ್ಲೂ ಆಗಿಲ್ಲ.

೧. ಕಾಂಪೌಂಡ್ ಗೋಡೆ

ನನ್ನ ಕ್ಲಿನಿಕ್ಕಿನ ಕಾರ್ಡಿನಲ್ಲಿ 'ದುರಭ್ಯಾಸ' ಅಂತ ಒಂದು ಕಾಲಂ ಇದೆ. "ಏನಾದ್ರೂ ದುರಭ್ಯಾಸ ಇದ್ಯಾ?" ಅಂತ ಕೇಳುತ್ತೇನೆ. "ಛೆ ಛೆ, ಇಲ್ಲ ಸಾರ್" ಅನ್ನುತ್ತಾರೆ. 'ಇಲ್ಲ' ಅಂತ ಬರೆದುಕೊಳ್ಳುತ್ತೇನೆ. ಇಂಥ ಸಜ್ಜನರ ಏರಿಯಾದಲ್ಲಿ ಕ್ಲಿನಿಕ್ ಸಿಕ್ಕಿದ್ದು ನನ್ನ ಪುಣ್ಯ ಅಂದುಕೊಂಡಿದ್ದೆ.

ಒಂದು ದಿನ ಫೋನಿನಲ್ಲಿ ಮಾತಾಡುತ್ತಾ ಹೊರಗೆ ಬಂದವನು ಕಾಂಪೌಂಡ್ ಗೋಡೆ ನೋಡಿದೆ. ಅದರ ಮೇಲೆ ಸಾಲಾಗಿ ಮಡಚಿಟ್ಟ ಪಾನ್ ಮಸಾಲ ಪೊಟ್ಟಣ, ಹೊಗೆಸೊಪ್ಪು, ವೀಳ್ಯದೆಲೆ, ಒಂದು ಸುಣ್ಣದ ಡಬ್ಬಿ. ಅಷ್ಟರಲ್ಲಿ, ನಾನು ಆಗಷ್ಟೇ 'ಇಲ್ಲ' ಬರೆದು ಕಳಿಸಿದ್ದ ಲೇಥ್ ಆಪರೇಟರ್ ಹೊರಗೆ ಬಂದು ತನ್ನ ಪೊಟ್ಟಣ ಎತ್ತಿಕೊಂಡ.

"ಏನ್ರೀ, ಈಗ ತಾನೇ ಇಲ್ಲ ಅಂದ್ರಲ್ಲ?"

"ನೀವು ಕೇಳಿದ್ದು ದುರಭ್ಯಾಸ ಸಾರ್. ಕುಡಿಯೋದು, ಇಸ್ಪೀಟು, ಅದೆಲ್ಲ ನಂಗಿಲ್ಲ. ಇದು ಎಲೆ ಅಡಿಕೆ. ಡಾಕ್ಟ್ರ ಮುಂದೆ ಅಗಿಯೋದು ಮರ್ಯಾದೆ ಅಲ್ಲ ಅಂತ ಎಲ್ರೂ ಇಲ್ಲಿಟ್ಟೇ ಒಳಗೆ ಬರ್ತೀವಿ."

ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟ ಹಾಗೆ. ಹದಿನೆಂಟು ವರ್ಷದಿಂದ ಗೋಡೆಗೆ ಗೊತ್ತಿದ್ದ ಕೇಸ್ ಹಿಸ್ಟರಿ ಡಾಕ್ಟರಿಗೆ ಗೊತ್ತಿರಲಿಲ್ಲ.

೨. ಹನ್ನೊಂದನೇ ಪ್ರಶ್ನೆ

ಆಮೇಲೆ ಒಂದು ಭಾನುವಾರ ವೈದ್ಯರಿಗೆಂದೇ ಬಾಯಿ ಕ್ಯಾನ್ಸರ್ ತರಬೇತಿ ಇತ್ತು. ಪಾಠ ಹೇಳಿದವರು ನನ್ನ ಮಗಳ ವಯಸ್ಸಿನ ದಂತವೈದ್ಯೆ. ಪರದೆಯ ಮೇಲೆ ಹತ್ತು ಬಾಯಿಗಳ ಚಿತ್ರ ಹಾಕಿ, ಕಂಡದ್ದೇನು ಬರೆಯಿರಿ ಅಂದರು. ಬಿಳಿ ಮಚ್ಚೆಗೆ ನಾನು 'ಫಂಗಸ್' ಅಂತ ಬರೆದೆ. ಕೆಂಪು ಮಚ್ಚೆಗೆ 'ಖಾರ'. ನಾಲಿಗೆಯ ಅಂಚಿನ ಹುಣ್ಣಿಗೆ 'ಬಿ-ಕಾಂಪ್ಲೆಕ್ಸ್'.

"ಮೂರು ವಾರ ಆದ್ರೂ ಮಾಯದ ಹುಣ್ಣಿಗೆ ಇನ್ನೂ ಬಿ-ಕಾಂಪ್ಲೆಕ್ಸ್ ಬರೆಯೋರು ಯಾರಾದ್ರೂ ಇದೀರಾ?" ಅಂತ ಕೇಳಿದರು. ಆಗ ನಾನು ಬಿದ್ದೇ ಇರದ ಪೆನ್ನನ್ನು ಕುರ್ಚಿಯ ಕೆಳಗೆ ಹುಡುಕುತ್ತಿದ್ದೆ.

ಎರಡು ಬೆರಳೂ ಹಿಡಿಸದಷ್ಟು ಬಾಯಿ ಬಿಗಿದುಕೊಂಡವನ ಚಿತ್ರ ಬಂದಾಗ ಮಾತ್ರ ನಗು ಬರಲಿಲ್ಲ. ಅಡಿಕೆ ಅಗಿದೂ ಅಗಿದೂ ಹೀಗಾಗುತ್ತದೆ ಅಂದರು. ಹಿಂದಿನ ತಿಂಗಳಷ್ಟೇ ಇಂಥ ಒಬ್ಬ ಆಟೋ ಡ್ರೈವರಿಗೆ "ನಾಚ್ಕೋಬೇಡ್ರೀ, ದೊಡ್ಡದಾಗಿ ತೆಗೀರಿ" ಅಂತ ಗದರಿದ್ದೆ. ತರಬೇತಿಯ ಮಾರನೇ ದಿನವೇ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳಿ ದಂತವೈದ್ಯರ ಹತ್ತಿರ ಕಳಿಸಿದೆ ಅನ್ನುವುದೊಂದೇ ಸಮಾಧಾನ.

ನನಗೆ ಹತ್ತಕ್ಕೆ ಮೂರು ಬಂತು. ಊಟವಾಯಿತು. ಬಾಗಿಲಲ್ಲಿ ತಟ್ಟೆ ತುಂಬ ಬೀಡಾ ಇಟ್ಟಿದ್ದರು. ವೈದ್ಯರೆಲ್ಲ ಶಿಸ್ತಿನಿಂದ ಕ್ಯೂ ನಿಂತೆವು. ಅಲ್ಲೇ ನಿಂತಿದ್ದ ಆ ದಂತವೈದ್ಯೆ ನಾನು ಒಂದನ್ನು ಬಾಯಿಗಿಟ್ಟ ಮೇಲೆ ಮೆಲ್ಲಗೆ ಹೇಳಿದರು:

"ಇದನ್ನ ಇಡಿಸಿದ್ದು ನಾನೇ ಸಾರ್. ಇದು ಹನ್ನೊಂದನೇ ಪ್ರಶ್ನೆ."

೩. ಟಾರ್ಚು

ಮಾರನೇ ದಿನ ಹೊಸ ಟಾರ್ಚ್ ತಂದೆ. ಜ್ವರ, ಕೆಮ್ಮು, ಕಜ್ಜಿ, ಏನೇ ಇರಲಿ, ಮೊದಲು ಬಾಯಿ. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ, ಒಂದು ಮೂಲೆ ಬಿಡುತ್ತಿರಲಿಲ್ಲ. ಗಾರ್ಮೆಂಟ್ಸಿನ ಹೆಂಗಸೊಬ್ಬಳು ಹಿಮ್ಮಡಿ ನೋವು ಅಂತ ಬಂದಳು. ಅವಳಿಗೂ "ಬಾಯಿ ತೆಗೀರಿ" ಅಂದೆ. ಪಾಪ, ತೆಗೆದಳು. ನಾನು ಬಗ್ಗಿ ಬಗ್ಗಿ ಬಹಳ ಹೊತ್ತು ನೋಡಿದ ಮೇಲೆ ಕೇಳಿದಳು:

"ಅಲ್ಲೀವರೆಗೂ ಕಾಣ್ತಾ ಇದ್ಯಾ ಸಾರ್?"

೪. ಜೊತೆಗೆ ಬಂದವರು

ನಾನು ಟಾರ್ಚ್ ಬಿಡದೇ ಇದ್ದ ಬಾಯಿ ಒಂದೇ, ಓನರಮ್ಮನದು. ಪ್ರತಿ ವಾರ ಬಿಪಿ ನೋಡಿಸಲು ಕೆಳಗೆ ಬರುತ್ತಾರೆ. ಹಿರಿಯರು, ಮೇಲಾಗಿ ಓನರು. ಅವರಿಗೆ ಬಾಯಿ ತೆಗೀರಿ ಅನ್ನುವುದು ಹೇಗೆ? ಕೊನೆಗೊಂದು ದಿನ ಧೈರ್ಯ ಮಾಡಿದೆ. ಎಡಗೆನ್ನೆಯ ಒಳಗೆ, ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಜಾಗದಲ್ಲೇ, ಒರಟಾದ ಬಿಳಿ ಮಚ್ಚೆ.

"ಎಷ್ಟು ದಿನದಿಂದ ಇದೆ ಅಮ್ಮಾ?"

"ಉಗಾದಿಗೂ ಮುಂಚಿಂದ ಅದೆ. ಖಾರ ತಗುಲಿದ್ರೆ ಉರೀತದೆ. ನಿಂಗೇ ಯೋಳಿದ್ನಲ್ಲಪ್ಪ, ಮಾತ್ರೆ ಕೊಟ್ಟೆ."

ಯಾವ ಮಾತ್ರೆ ಅಂತ ಕೇಳುವ ಅಗತ್ಯವಿರಲಿಲ್ಲ. ಈ ಹೆಂಗಸು ನನ್ನನ್ನು ನಂಬಿ ಅಷ್ಟು ತಿಂಗಳು ಸುಮ್ಮನಿದ್ದರು. ನಾಳೆಯೇ ದಂತವೈದ್ಯರ ಹತ್ತಿರ ಹೋಗಬೇಕು ಅಂದೆ. "ನೀನೂ ಬಂದ್ರೆ ಬತ್ತೀನಿ" ಅಂದರು.

ಅದೇ ದಂತವೈದ್ಯೆಯ ಬಳಿ ಕರೆದುಕೊಂಡು ಹೋದೆ. ಪರೀಕ್ಷೆಗೆ ಚೂರು ತೆಗೆಯುವಾಗ ಅಮ್ಮ ನನ್ನ ಕೈ ಹಿಡಿದುಕೊಂಡೇ ಇದ್ದರು. ಮುಗಿದ ಮೇಲೆ ಕುರ್ಚಿಯಿಂದ ಇಳಿದು, ಹತ್ತಿ ಕಚ್ಚಿಕೊಂಡೇ ಹೇಳಿದರು:

"ತಾಯಿ, ಈವಪ್ಪಂದೂ ಒಸಿ ನೋಡು. ದಿನಾ ಉಂಡ್ಮೇಲೆ ಡ್ರಾಯರ್ ತೆಗ್ದು ಅಡಿಕೆ ಪುಡಿ ಬಾಯ್ಗಾಕ್ಕೋತಾನೆ. ಮೆಟ್ಲಿಳಿಯೋವಾಗ ಕಿಟಕೀಲಿ ಕಾಣ್ತದೆ."

ಊಟದ ಮೇಲೆ ಅಡಿಕೆ ಪುಡಿ ನನಗೆ ದಾವಣಗೆರೆಯ ನಮ್ಮ ಮನೆಯಿಂದಲೇ ಬಂದದ್ದು. "ಅದ್ರಲ್ಲಿ ತಂಬಾಕಿಲ್ಲ, ಬರೀ ಅಡಿಕೆ" ಅಂದೆ. ದಂತವೈದ್ಯೆ ಕುರ್ಚಿ ತೋರಿಸಿದರು. ನನ್ನ ಬಲಗೆನ್ನೆಯ ಒಳಗೂ ಒಂದು ಬಿಳಿ ಮಚ್ಚೆ ಇತ್ತು. ಊರಿನವರ ಬಾಯಿಗೆಲ್ಲ ಟಾರ್ಚ್ ಬಿಟ್ಟವನು ನನ್ನದಕ್ಕೆ ಒಂದು ದಿನವೂ ಬಿಟ್ಟಿರಲಿಲ್ಲ.

ನನ್ನ ಹೆಸರಿಗೂ ಒಂದು ಕಾರ್ಡ್ ಮಾಡಿದರು. ಕೌಂಟರಿನ ಹುಡುಗಿ "ಏನಾದ್ರೂ ದುರಭ್ಯಾಸ ಇದ್ಯಾ ಸಾರ್?" ಅಂದಳು. "ಛೆ ಛೆ, ಇಲ್ಲ" ಅಂತ ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು.

ನನ್ನ ಮಚ್ಚೆಯಿಂದಲೂ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇಬ್ಬರ ರಿಪೋರ್ಟಿಗೂ ಕಾದ ಆ ವಾರ ನಾನು ಹೆದರಿದಷ್ಟು ಜೀವನದಲ್ಲಿ ಎಂದೂ ಹೆದರಿಲ್ಲ. ಅಮ್ಮ ದಿನಾ ಕೆಳಗೆ ಬಂದು "ಊಟ ಮಾಡ್ದಾ?" ಅಂತ ಕೇಳಿ, ಡ್ರಾಯರ್ ತೆಗೆದು ನೋಡಿ ಹೋಗುತ್ತಿದ್ದರು. ಇಬ್ಬರದೂ ಕ್ಯಾನ್ಸರ್ ಅಲ್ಲ ಅಂತ ಬಂತು. ಆದರೆ ಅಮ್ಮನದು ಅದರ ಹೊಸಿಲಿನವರೆಗೂ ಹೋಗಿತ್ತು. ಇಬ್ಬರೂ ಅಗಿಯುವುದನ್ನು ಪೂರ್ತಿ ಬಿಡಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅಂದರು. ಅಮ್ಮ ಅವತ್ತೇ ತಮ್ಮ ಎಲೆಚೀಲವನ್ನು ನನ್ನ ಟೇಬಲ್ ಮೇಲಿಟ್ಟು ಹೋದರು. ನಾನು ಬಿಡಲು ಒಂದು ತಿಂಗಳು ಒದ್ದಾಡಿದೆ.

ಮೊನ್ನೆ ಮತ್ತೆ ಇಬ್ಬರೂ ಹೋಗಿದ್ದೆವು. ಕೌಂಟರಿನಲ್ಲಿ ಹೊಸ ಹುಡುಗಿ. "ಇಬ್ರಲ್ಲಿ ಪೇಷಂಟ್ ಯಾರು?" ಅಂತ ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಹೇಳಿದರು:

"ಇವನೇ ಕಣವ್ವ. ಕಾಯ್ಲೆ ಕಂಡಿಡಿದ ಡಾಕ್ಟ್ರು ನಾನು."